ದಣಪೆಯ ತನಕ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಒಂದೇ ಮಾತು ಹೇಳಲು ಬಂದಿದ್ದೇನೆ. ದಿನಾ ಖುಷಿ ಕೊಡುವ ಅಭ್ಯಾಸ ಬೇಕೆಂದರೆ ಅದು ತೀರಾ ಸಣ್ಣದಿರಬೇಕು. ಮೈ ಸರಿ ಇಲ್ಲದ ದಿನವೂ ಮಾಡುವಷ್ಟು ಸಣ್ಣದು.

ಸಿರ್ಸಿ ಕಡೆಯ ಒಬ್ಬ ಮಾಸ್ತರು ನನ್ನ ಹತ್ತಿರ ಬಂದಿದ್ದರು. ನಿವೃತ್ತಿಯಾಗಿತ್ತು, ಮಕ್ಕಳು ಬೆಂಗಳೂರಿನಲ್ಲಿ. "ಡಾಕ್ಟ್ರೇ, ಯಾಕಾದ್ರೂ ಬೆಳಗಾಯ್ತೋ ಅನ್ನಿಸ್ತದೆ" ಅಂದರು. ಜೇಬಿನಿಂದ ಒಂದು ಪಟ್ಟಿ ತೆಗೆದರು. ಐದಕ್ಕೆ ಏಳುವುದು, ಒಂದು ತಾಸು ನಡಿಗೆ, ಪ್ರಾಣಾಯಾಮ, ಮೂವತ್ತು ಪುಟ ಓದು. ನಾಲ್ಕು ದಿನ ನಡೆದಿತ್ತು. ಐದನೇ ದಿನ ಮಳೆ ಹಿಡಿಯಿತು, ಅಲ್ಲಿಗೆ ಮುಗಿಯಿತು.

ನಾನು ಪಟ್ಟಿ ಮಡಚಿ ವಾಪಸ್ ಕೊಟ್ಟೆ. "ಚಾ ಕುಡಿದು ಲೋಟ ಇಟ್ಟ ಕೂಡಲೇ ದಣಪೆ ತನಕ, ಅಂದರೆ ಬೇಲಿ ಬಾಗಿಲ ತನಕ ಹೋಗಿ. ಒಂದು ನಿಮಿಷ ನಿಂತು ಬನ್ನಿ. ಜಾಸ್ತಿ ಬೇಡ" ಅಂದೆ. ಅವರಿಗೆ ಸಿಟ್ಟೇ ಬಂತು. "ಇಷ್ಟು ಕೇಳಲಿಕ್ಕೆ ನಾನು ಘಟ್ಟ ಇಳಿದು ಬರಬೇಕಿತ್ತಾ?"

ಆದರೂ ಮಾಡಿದರು. ಮಳೆಯಲ್ಲಿ ಕೊಡೆ ಹಿಡಿದು ಹೋದರು. ಎರಡು ತಿಂಗಳ ಮೇಲೆ ಬಂದಾಗ ಮಾತೆಲ್ಲ ದಣಪೆಯದೇ. ತೋಟದ ಕಡೆಯಿಂದ ಒಂದು ಹಕ್ಕಿ ಥೇಟ್ ಮನುಷ್ಯರ ಹಾಗೆ ಸಿಳ್ಳೆ ಹಾಕುತ್ತದಂತೆ. ಡೈರಿಗೆ ಹಾಲು ಒಯ್ಯುವ ಹುಡುಗ "ಮಾಸ್ತರೇ, ಚಾ ಆಯ್ತಾ?" ಅಂತ ಕೇಳುತ್ತಾನಂತೆ. "ಅವನು ಬರದಿದ್ದ ದಿನ ನನಗೆ ಸಮಾಧಾನ ಇಲ್ಲ" ಅಂದರು. ಪಟ್ಟಿಯನ್ನು ಬಚ್ಚಲೊಲೆಗೆ ಹಾಕಿದ್ದರು.

ಇದು ಯಾಕೆ ಉಳಿಯಿತು? ಸಣ್ಣದಿತ್ತು. ಚಾ ಲೋಟದ ಬೆನ್ನಿಗೇ ಇತ್ತು. ನಮ್ಮಲ್ಲಿ ಚಾ ಅಂತೂ ತಪ್ಪುವುದಿಲ್ಲ, ಅಲ್ವಾ? ನೆನಪು ಮಾಡಿಕೊಡುವ ಕೆಲಸ ಚಾ ಮಾಡುತ್ತದೆ.

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ದಯವಿಟ್ಟು ಅದನ್ನು ಬಿಡಿ. ಲಂಡನ್ನಿನಲ್ಲಿ 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದ್ದಾರೆ. ಹೆಚ್ಚುಕಡಿಮೆ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಮಾರನೇ ದಿನ ಮತ್ತೆ ಹೋಗಿ. ಆದರೆ ಸಣ್ಣದೇ ಇರಲಿ. ಚೆನ್ನಾಗಿ ನಡೀತಾ ಇದೆ ಅಂತ ಕೂಡಲೇ ದೊಡ್ಡದು ಮಾಡಬೇಡಿ.

ದಣಪೆ ಇಲ್ಲದವರಿಗೆ ಅಂಗಳದ ಅಬ್ಬಲಿಗೆ ಗಿಡ ಇದೆ. ಕಾರವಾರದ ಕೋಡಿಬಾಗದವರಿಗೆ ಕಾಳಿ ನದಿಯೇ ಇದೆ, ಸಮುದ್ರ ಸೇರುವುದನ್ನು ಒಂದು ನಿಮಿಷ ನೋಡಿ. ಮೊಬೈಲ್ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಾ ಬಂತು. ರಾತ್ರಿ ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಬೆಳಿಗ್ಗೆ ಚಾ ಆದ ಮೇಲೇ ಕೈಗೆ ತೆಗೆದುಕೊಳ್ಳಿ. ನಮಸ್ಕಾರ.