ಏಳು ಪೆಟ್ಟು, ನಾಲ್ಕು ಹೆಜ್ಜೆ

ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಇವತ್ತು ಸಣ್ಣ ಸದ್ದುಗಳದ್ದೇ ಕಾರುಬಾರು.

ಟಿಂಗ್ ಟಿಂಗ್ ಅಂತ ಕೇಳಿಸುತ್ತಿದೆಯಲ್ಲ, ಇದು ಗಂಕೊಗುಯಿ. ಒಂದೇ ಹಿಡಿಗೆ ಎರಡು ಕಬ್ಬಿಣದ ಗಂಟೆ, ಒಂದು ದೊಡ್ಡದು, ಒಂದು ಚಿಕ್ಕದು. ಬಾರಿಸುವವರು ಎವೆ ಜನ. ಘಾನಾದ ಆಗ್ನೇಯ ಮೂಲೆಯಲ್ಲಿ, ಕೇಟಾ, ಆನ್ಲೋಗಾ ಕಡೆಯ ಕಡಲ ತೀರದಲ್ಲಿದ್ದಾರೆ. ಗಡಿ ದಾಟಿದರೆ ಟೋಗೋದಲ್ಲೂ ಅವರೇ. ಅವರ ಅಗ್ಬಡ್ಜಾ ಕುಣಿತದಲ್ಲಿ ಉಳಿದ ಡೋಲುಗಳೆಲ್ಲ ಈ ಗಂಟೆಗೆ ಕಿವಿಗೊಟ್ಟೇ ನುಡಿಯುತ್ತವೆ.

ಗಂಟೆಯ ಪೆಟ್ಟನ್ನೇ ನಾನು ಟೇಬಲ್ ಮೇಲೆ ಬಡಿಯುತ್ತೇನೆ, ನೀವೂ ಬಡಿಯಿರಿ. ಒಂದೇ ಸಮನೆ ಹನ್ನೆರಡರವರೆಗೆ ಎಣಿಸಿ. 1, 3, 5, 6, 8, 10, 12. ಈ ಏಳು ಕಡೆ ಮಾತ್ರ ಬೆರಳು. ಬಂತಾ? ಈಗ ಕುಣಿಯುವವರ ಹಾಗೆ ಕಾಲು ಸೇರಿಸಿ: 1, 4, 7, 10. ಬೆರಳು ತಡವರಿಸಿತು, ಅಲ್ವಾ? ಏಳು ಪೆಟ್ಟಿನಲ್ಲಿ ಹೆಜ್ಜೆಯ ಮೇಲೆ ಬೀಳುವುದು ಎರಡೇ, 1 ಮತ್ತು 10. ಕಗಾನು ಅನ್ನುವ ಪುಟ್ಟ ಡೋಲಂತೂ ಇನ್ನೂ ತರಲೆ. ಹೆಜ್ಜೆ ಬಿದ್ದಾಗ ಸುಮ್ನೆ ಇರುತ್ತದೆ, ಆಮೇಲಿನ ಎರಡು ಎಣಿಕೆಗಳಲ್ಲಿ ಟಕಟಕ ಎನ್ನುತ್ತದೆ.

ಇದನ್ನು ಕಾಗದಕ್ಕೆ ಇಳಿಸಲು ಹೊರಟವರು ಎ. ಎಂ. ಜೋನ್ಸ್, ಇಂಗ್ಲಿಷ್ ಪಾದ್ರಿ. ಡೆಸ್ಮಂಡ್ ಟೇ ಎಂಬ ಎವೆ ವಾದಕರ ಜೊತೆ ಲಂಡನ್ನಿನಲ್ಲಿ ಕೂತರು. ಲೋಹದ ಕಡ್ಡಿಯಿಂದ ಲೋಹದ ತಟ್ಟೆಗೆ ಬಡಿದರೆ, ಓಡುವ ಕಾಗದದ ಮೇಲೆ ಗುರುತು ಬೀಳುವ ಯಂತ್ರವೊಂದನ್ನು ಮಾಡಿಕೊಂಡಿದ್ದರು! 1959ರಲ್ಲಿ ಎರಡು ಸಂಪುಟ ಬಂದವು. ಅಮೆರಿಕದ ಸಂಗೀತಗಾರ ಸ್ಟೀವ್ ರೈಖ್ ಅದನ್ನು ಓದಿ, 1970ರಲ್ಲಿ ಘಾನಾಕ್ಕೇ ಹೋಗಿ ಅಲ್ಲಿನ ಡೋಲು ವಾದಕ ಗಿಡಿಯನ್ ಅಲೊರ್ವೊಯಿ ಹತ್ತಿರ ಪಾಠ ಹೇಳಿಸಿಕೊಂಡರು.

ಆದರೆ ಜೋನ್ಸ್ ಬರೆದದ್ದನ್ನು ಸ್ವಲ್ಪ ನೋಡಿ. ತಾಳದ ಸುತ್ತು ಎಲ್ಲಿ ಶುರು ಅಂತ ತೋರಿಸುವ ಗೀಟು ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಕಡೆ. ಹಾಗೆ ಓದಿದರೆ ಅಲ್ಲಿರುವವರೆಲ್ಲ ತಂತಮ್ಮ ಲೆಕ್ಕದಲ್ಲಿ ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. ಕುಣಿಯುವವರಿಗೆ ಅಂಥ ಗೊಂದಲವೇನೂ ಇಲ್ಲ. ತಾವೇ ಎವೆ ಆಗಿರುವ ವಿದ್ವಾಂಸ ಕೋಫಿ ಅಗಾವು ಹಿಡಿದದ್ದು ಇದನ್ನೇ. ಕುಣಿಯುವವರ ಪಾದವನ್ನು ನೋಡದೆ ಗಂಟೆಯನ್ನು ಮಾತ್ರ ಬಿಡಿಸಲು ಹೋದವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ನಮ್ಮ ಸಂಗೀತ ಕಛೇರಿಯಲ್ಲಿ ತಾಳಕ್ಕೆ ತೊಡೆ ತಟ್ಟುವ ಕೈ ಕಣ್ಣಿಗೆ ಕಾಣುತ್ತದೆ. ಅಲ್ಲಿ ಆ ಕೆಲಸ ಕಾಲಿನದು, ಹಾಗಾಗಿ ಬರೀ ಆಡಿಯೋ ಕೇಳಿದವರಿಗೆ ಅದು ಸಿಗುವುದಿಲ್ಲ.

ನನ್ನ ಓಟು ಅಗಾವುಗೆ. ಹಾಗಂತ ಜೋನ್ಸ್ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ಅಷ್ಟು ಡೋಲುಗಳ ನುಡಿಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾರೆ. ಎರಡನೇ ಸಂಪುಟದ ಪುಟವನ್ನು ಜೆರಾಕ್ಸ್ ಮಾಡಿಸಿ, ಗೀಟುಗಳಿಗೆ ವೈಟ್ನರ್ ಹಚ್ಚಿ, ಕೆಳಗೆ ಪೆನ್ಸಿಲ್‌ನಲ್ಲಿ ನಾಲ್ಕು ಹೆಜ್ಜೆ ಗುರುತು ಹಾಕಿಕೊಂಡು ಬಾರಿಸಿ ನೋಡಿ.