ಹೊರಡುವ ಮುನ್ನ ಕೇಳಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಸಿಟಿಜನ್ ಒಬ್ಬರನ್ನು ಮದುವೆಯಾದರೆ ಸಾಕು, ಕಾಗದಪತ್ರವೆಲ್ಲ ತಾನಾಗಿಯೇ ಸರಿಹೋಗುತ್ತದೆ ಎನ್ನುವ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ಓಡಾಡುತ್ತಿದೆ. ಈ ಮಾತನ್ನು ನೆಚ್ಚಿ ಹೆಂಡತಿ ಒಂದು ದೇಶ, ಗಂಡ ಇನ್ನೊಂದು ದೇಶ ಎಂದು ವರ್ಷಗಟ್ಟಲೆ ಬೇರೆಯಾದ ಸಂಸಾರಗಳಿವೆ. ವೀಸಾ ಮುಗಿದ ಮೇಲೂ ಅಲ್ಲೇ ಉಳಿದವರು, ವೀಸಾ ಇಲ್ಲದೆಯೇ ಗಡಿ ದಾಟಿ ಹೋದವರು, ಅವರ ಮೊದಲ ಮದುವೆಯ ಮಕ್ಕಳು. ಇವರಿಗೆ ಅಲ್ಲಿನ ಕಾನೂನಿನಲ್ಲಿ ಯಾವ ದಾರಿ ಇದೆ ಎಂಬುದನ್ನು ಇವತ್ತು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ: ದೇಶದೊಳಗೆ ಬಂದದ್ದು ಹೇಗೆ? ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ನಿಂತು, ಪಾಸ್‌ಪೋರ್ಟ್ ತೋರಿಸಿ, ಪ್ರವಾಸಿಯಾಗಿಯೋ ವಿದ್ಯಾರ್ಥಿಯಾಗಿಯೋ ಒಳಬಂದವರ ಸ್ಥಿತಿ ಬಹುಮಟ್ಟಿಗೆ ವಾಸಿ. ಅವಧಿ ಮೀರಿ ಉಳಿದಿರಲಿ, ಪರವಾನಗಿಯಿಲ್ಲದೆ ಕೆಲಸ ಮಾಡಿರಲಿ, ಸಿಟಿಜನ್‌ರ ಪತಿ ಅಥವಾ ಪತ್ನಿ ಎಂಬ ಕಾರಣಕ್ಕೆ ಕಾನೂನು ಈ ಎರಡನ್ನೂ ಗ್ರೀನ್ ಕಾರ್ಡ್‌ಗೆ ಅಡ್ಡಿ ಎಂದು ಎಣಿಸುವುದಿಲ್ಲ. ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿಯಿಂದಾಗಿ ಕಾಯುವ ಸಾಲೂ ಇಲ್ಲ. ಸಂಬಂಧವನ್ನು ಒಪ್ಪಿಕೊಳ್ಳಿ ಎಂದು ಸಿಟಿಜನ್ ಹಾಕುವ ಐ-130, ಗ್ರೀನ್ ಕಾರ್ಡ್ ಕೇಳಿ ನೀವು ಹಾಕುವ ಐ-485 ಎಂಬ ಎರಡು ಅರ್ಜಿಗಳನ್ನು ಅಲ್ಲೇ ಇದ್ದುಕೊಂಡು ಒಟ್ಟಿಗೆ ಹಾಕಬಹುದು. ಒಳಬಂದದ್ದಕ್ಕೆ ಸಾಕ್ಷಿಯಾದ ಐ-94 ದಾಖಲೆಯನ್ನು ಮಾತ್ರ ಜೋಪಾನ ಮಾಡಿಕೊಳ್ಳಿ. ಮದುವೆ ಬರೀ ಕಾಗದದ ಮದುವೆಯಾಗಿರಬಾರದು, ಅದನ್ನು ಬೇರೆ ಹೇಳಬೇಕಾಗಿಲ್ಲ.

ತಪಾಸಣೆಯಿಲ್ಲದೆ ಗಡಿ ದಾಟಿದವರ ಕಷ್ಟವೇ ಬೇರೆ. ಮದುವೆ ಎಷ್ಟೇ ನಿಜವಾಗಿರಲಿ, ಮಕ್ಕಳು ಅಲ್ಲೇ ಹುಟ್ಟಿರಲಿ, ಸಾಮಾನ್ಯವಾಗಿ ಇವರು ದೇಶ ಬಿಟ್ಟು ಹೊರಗಿನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ವೀಸಾ ಪಡೆದೇ ಮರಳಬೇಕು. ಸಂಕಟ ಇರುವುದು ಆ ಹೊರಡುವುದರಲ್ಲೇ. 1996ರ ಕಾನೂನಿನ ಪ್ರಕಾರ 180 ದಿನಕ್ಕಿಂತ ಹೆಚ್ಚು ಅನಧಿಕೃತವಾಗಿ ಇದ್ದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಸರಿಮಾಡಿಕೊಳ್ಳಲು ಹೊರಟವರನ್ನೇ ದಂಡಿಸುವ ಈ ನಿಯಮ ನನಗೆ ಕ್ರೂರವಾಗಿ ಕಾಣುತ್ತದೆ. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಹಾಗಿದ್ದು, ಹೊರಹೋಗಿ, ಮತ್ತೆ ಕದ್ದು ಗಡಿ ದಾಟಿದರಂತೂ ನಿಷೇಧ ಶಾಶ್ವತವಾಗುತ್ತದೆ. ಹೊರಗೆ ಹತ್ತು ವರ್ಷ ಕಳೆದ ಮೇಲಷ್ಟೇ ವಿನಾಯಿತಿ ಕೇಳಬಹುದು. ಮೆಕ್ಸಿಕೋ ಕಡೆಯಿಂದ ಇನ್ನೊಮ್ಮೆ ಕರೆತರುತ್ತೇನೆ ಎನ್ನುವ ಏಜೆಂಟ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಹೇಳಿದ ಮೂರು, ಹತ್ತು ವರ್ಷದ ತಡೆಯನ್ನು ದಾಟಲು 2013ರಿಂದ ಒಂದು ಉಪಾಯವಿದೆ. ದೇಶ ಬಿಡುವ ಮೊದಲೇ ಐ-601ಎ ಎಂಬ ಅರ್ಜಿ ಹಾಕಿ, ಕ್ಷಮೆಯನ್ನು ಮುಂಗಡವಾಗಿ ಮಂಜೂರು ಮಾಡಿಸಿಕೊಂಡು, ಆಮೇಲೆ ಸಂದರ್ಶನಕ್ಕೆ ಹೋಗುವುದು. ನೀವಿಲ್ಲದಿದ್ದರೆ ಅಲ್ಲಿರುವ ನಿಮ್ಮ ಪತಿ, ಪತ್ನಿ ಅಥವಾ ತಂದೆತಾಯಿ ಅತೀವ ಕಷ್ಟಕ್ಕೆ ಬೀಳುತ್ತಾರೆಂದು ರುಜುವಾತು ಮಾಡಬೇಕು. ಆ ಪತಿ, ಪತ್ನಿ ಅಥವಾ ತಂದೆತಾಯಿ ಸಿಟಿಜನ್ ಇಲ್ಲವೇ ಗ್ರೀನ್ ಕಾರ್ಡ್ ಉಳ್ಳವರಾಗಿರಬೇಕು. ಮಕ್ಕಳ ಅಳಲು ಇಲ್ಲಿ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಮಗುವಿನ ಕಾಯಿಲೆಯಿಂದ ಗಂಡನಿಗೋ ಹೆಂಡತಿಗೋ ಏನಾಗುತ್ತದೆ ಎಂದು ತೋರಿಸಬೇಕು. ತೀರ್ಮಾನ ಬರಲು ವರ್ಷಗಳೇ ಹಿಡಿಯುತ್ತವೆ.

2024ರ ಜೂನ್‌ನಲ್ಲಿ ಬೈಡನ್ ಸರ್ಕಾರ ಇದಕ್ಕೊಂದು ಪರಿಹಾರ ಘೋಷಿಸಿತ್ತು. ಹತ್ತು ವರ್ಷದಿಂದ ಅಲ್ಲಿರುವ, ಸಿಟಿಜನ್‌ರನ್ನು ಮದುವೆಯಾದ ಸುಮಾರು 5 ಲಕ್ಷ ಜನಕ್ಕೆ ಮತ್ತು 50 ಸಾವಿರ ಮಲಮಕ್ಕಳಿಗೆ ದೇಶ ಬಿಡದೆಯೇ ಅರ್ಜಿ ಹಾಕುವ ಅವಕಾಶ. ಆಗಸ್ಟ್ 19ರಂದು ಅರ್ಜಿ ಶುರುವಾಯಿತು, ಶುಲ್ಕ 580 ಡಾಲರ್. ಟೆಕ್ಸಸ್ ಮತ್ತಿತರ ರಾಜ್ಯಗಳು ದಾವೆ ಹೂಡಿದವು. ಒಂದೇ ವಾರದಲ್ಲಿ ತಡೆಯಾಜ್ಞೆ ಬಂತು, ನವೆಂಬರ್ 7ರಂದು ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ಯೋಜನೆಯನ್ನೇ ರದ್ದು ಮಾಡಿತು. ಆ ಯೋಜನೆಯ ಹೆಸರಿನಲ್ಲಿ ಯಾರಾದರೂ ಈಗಲೂ ಹಣ ಕೇಳಿದರೆ ಕೊಡಬೇಡಿ.

ಇನ್ನು ಮಲಮಕ್ಕಳ ವಿಷಯ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ವಿಚ್ಛೇದನವಾದ ತಾಯಿಯೊಬ್ಬಳು ಮಗನ ಜೊತೆ ಅಲ್ಲಿಗೆ ಹೋಗಿ ಸಿಟಿಜನ್ ಒಬ್ಬರನ್ನು ಮದುವೆಯಾಗುತ್ತಾಳೆ ಅನ್ನಿ. ಮದುವೆಯ ದಿನ ಮಗನಿಗೆ 18 ತುಂಬಿರಬಾರದು. ತುಂಬಿದ್ದರೆ ಕಾನೂನಿನ ಕಣ್ಣಿಗೆ ಅವರಿಬ್ಬರೂ ಮಲತಂದೆ, ಮಲಮಗ ಅಲ್ಲ. ತುಂಬಿಲ್ಲದಿದ್ದರೆ ದತ್ತು ಪಡೆಯುವ ಅಗತ್ಯವೂ ಇಲ್ಲ, ಮಲತಂದೆಯೇ ಅರ್ಜಿ ಹಾಕಬಹುದು. ಆದರೆ ತಾಯಿಯ ಅರ್ಜಿಯಲ್ಲಿ ಮಗ ತಾನಾಗಿ ಸೇರಿಕೊಳ್ಳುವುದಿಲ್ಲ. ಪ್ರತಿ ಮಗುವಿಗೂ ಪ್ರತ್ಯೇಕ ಐ-130 ಬೇಕು. ಅದನ್ನು 21 ತುಂಬುವ ಮೊದಲೇ ಸಲ್ಲಿಸಿದರೆ, ಮಗ ಮದುವೆಯಾಗದೆ ಇರುವವರೆಗೆ, ಸಲ್ಲಿಸಿದ ದಿನದ ವಯಸ್ಸೇ ಕೊನೆಯವರೆಗೂ ನಿಲ್ಲುತ್ತದೆ.

18ರ ಗಡುವು ಮೀರಿದ್ದರೆ, ತಾಯಿ ತನಗೆ ಗ್ರೀನ್ ಕಾರ್ಡ್ ಬಂದ ಮೇಲೆ ಮಗನಿಗಾಗಿ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಸಾಲು ಉಂಟು, ಅವಧಿ ಮೀರಿ ಉಳಿದದ್ದಕ್ಕೆ ಮಾಫಿಯೂ ಇಲ್ಲ. ಇನ್ನೊಂದು ಮಾತು ತಾಯಂದಿರು ಗಮನಿಸಬೇಕು. 18 ತುಂಬುವವರೆಗಿನ ದಿನಗಳು ಮಗುವಿನ ಅನಧಿಕೃತ ವಾಸಕ್ಕೆ ಸೇರುವುದಿಲ್ಲ. ಗಡಿ ದಾಟಿ ಬಂದ ಹದಿನೇಳರ ಹುಡುಗ ಆ ಮೂರು, ಹತ್ತು ವರ್ಷದ ತಡೆಗೆ ಸಿಗದೆ ಕಾನ್ಸುಲೇಟ್‌ಗೆ ಹೋಗಿ ಬರಬಹುದು. ಅದೇ ಹುಡುಗ ಹತ್ತೊಂಬತ್ತು ದಾಟಿದ ಮೇಲೆ ಹೊರಟರೆ ಹತ್ತು ವರ್ಷ ಹೊರಗೆ. ವಕೀಲರನ್ನು ಆದಷ್ಟು ಬೇಗ ಕಾಣಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಐ-130 ಮಂಜೂರಾಯಿತು ಎಂದು ನಿರಾಳವಾಗುವವರೂ ಇದ್ದಾರೆ. ಅದು ನಿಮ್ಮ ಸಂಬಂಧವನ್ನು ಒಪ್ಪಿಕೊಂಡ ಕಾಗದ ಮಾತ್ರ, ಅಲ್ಲಿರುವ ಹಕ್ಕು ಅದರಿಂದ ಬರುವುದಿಲ್ಲ, ಗಡೀಪಾರಿನಿಂದ ರಕ್ಷಣೆಯೂ ಇಲ್ಲ. 2025ರ ಆಗಸ್ಟ್‌ನಲ್ಲಿ ವಲಸೆ ಇಲಾಖೆ ತನ್ನ ನಿಯಮಾವಳಿಯಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದೆ.

ಕೊನೆಯದಾಗಿ, ಅರ್ಜಿ ಗಂಡನ ಕೈಯಲ್ಲಿದೆ, ಬಾಯಿಬಿಟ್ಟರೆ ಹಿಂತೆಗೆದುಕೊಳ್ಳುತ್ತಾನೆ ಎಂದು ಹೊಡೆತ ತಿಂದು ಸುಮ್ಮನಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. 1994ರ ಕಾನೂನಿನಡಿ ನೀವೇ ನಿಮ್ಮ ಅರ್ಜಿಯನ್ನು ಹಾಕಿಕೊಳ್ಳಬಹುದು. ಅದರ ಹೆಸರು ಐ-360. ಗಂಡನ ಸಹಿ ಬೇಡ, ಸರ್ಕಾರ ಅವನಿಗೆ ತಿಳಿಸುವಂತೆಯೂ ಇಲ್ಲ. ಹಿಂಸೆಯ ಕಾರಣದಿಂದ ವಿಚ್ಛೇದನವಾಗಿದ್ದರೆ ಆಮೇಲೂ ಎರಡು ವರ್ಷ ಕಾಲಾವಕಾಶವಿದೆ. 21 ತುಂಬದ, ಮದುವೆಯಾಗದ ಮಕ್ಕಳನ್ನು ಇದೇ ಅರ್ಜಿಯಲ್ಲಿ ಸೇರಿಸಬಹುದು. ತಪಾಸಣೆಯಿಲ್ಲದೆ ಗಡಿ ದಾಟಿ ಬಂದವರೂ ಈ ದಾರಿಯಲ್ಲಿ ಅಮೆರಿಕ ಬಿಡದೆಯೇ ಗ್ರೀನ್ ಕಾರ್ಡ್ ಕೇಳಬಹುದು. ಹಿಂಸೆ ಅನುಭವಿಸುತ್ತಿರುವ ಗಂಡಸರಿಗೂ ಈ ಕಾನೂನು ಅನ್ವಯಿಸುತ್ತದೆ.

ನಮಸ್ಕಾರ.