ಗುದ್ದಿಸಿಕೊಳ್ಳೋಕೆ ಅಂತಲೇ ಕಟ್ಟೋ ಕಾರು: ಡೆಮಾಲಿಷನ್ ಡರ್ಬಿ ಗ್ಯಾರೇಜಿನ ಒಳಗೆ

[ದೃಶ್ಯ: ಕೆಸರಿನ ಅಂಗಳ. ನಜ್ಜುಗುಜ್ಜಾದ ಏಳೆಂಟು ಕಾರು. ಹೆಚ್ಚಿನವು ರಿವರ್ಸ್‌ನಲ್ಲೇ ಓಡುತ್ತಿವೆ.]

ಒಂದು ವಿಷಯ ಗಮನಿಸಿದ್ರಾ? ಮುಂದಕ್ಕೆ ಓಡಿಸ್ತಾ ಇರೋರು ಇಲ್ಲಿ ಕಡಿಮೆ. ಎಲ್ಲರೂ ಕತ್ತು ತಿರುಗಿಸಿಕೊಂಡು ರಿವರ್ಸ್‌ನಲ್ಲಿ ಬಂದು ಹಿಂಬದಿಯಿಂದ ಗುದ್ದುತ್ತಾರೆ. ಮುಂದೆ ಎಂಜಿನ್ ತಣ್ಣಗಿಡೋ ರೇಡಿಯೇಟರ್ ಇದೆ, ಹಿಂದೆ ಸಾಮಾನಿಡೋ ಖಾಲಿ ಡಿಕ್ಕಿ ಇದೆ. ಅಷ್ಟೇ ಲೆಕ್ಕ.

ನಮಸ್ಕಾರ. ಇದು ಡೆಮಾಲಿಷನ್ ಡರ್ಬಿ, ಕಾರಿಗೆ ಕಾರು ಗುದ್ದಿಸಿ ಕೆಡವೋ ಆಟ. ಅಮೆರಿಕದಲ್ಲಿ ಬೇಸಿಗೆ ಬಂತು ಅಂದ್ರೆ ಕೌಂಟಿ ಫೇರ್‌ಗಳು, ಅಂದ್ರೆ ನಮ್ಮ ಕಡೆ ದನದ ಜಾತ್ರೆ ಜೊತೆಗೆ ಕೃಷಿ ಮೇಳ ಸೇರಿದ್ರೆ ಹೇಗೋ ಹಾಗೆ. ಸಂಜೆ ಆದ್ಮೇಲೆ ಅಲ್ಲಿ ಈ ಆಟ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿದ್ದ ಐಸ್ಲಿಪ್ ಸ್ಪೀಡ್‌ವೇಯಲ್ಲಿ 1958ರಲ್ಲಿ ಲ್ಯಾರಿ ಮೆಂಡೆಲ್‌ಸನ್ ಇದನ್ನ ಶುರು ಮಾಡಿದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದಕ್ಕೂ ಮೊದಲೇ ಇತ್ತು ಅಂತ ವಾದ ಮಾಡೋರೂ ಇದ್ದಾರೆ, ಆ ಜಗಳಕ್ಕೆ ನಾವು ಹೋಗೋದು ಬೇಡ. ನಿಯಮ ಸರಳ: ಕೊನೆಗೆ ಯಾರ ಕಾರು ಅಲುಗಾಡ್ತಾ ಇರುತ್ತೋ ಅವರು ಗೆದ್ದರು. ಗುದ್ದದೆ ಮೂಲೆಯಲ್ಲಿ ನಿಂತು ಕಾಲ ತಳ್ಳೋ ಹಾಗಿಲ್ಲ, ಸಾಮಾನ್ಯವಾಗಿ ನಿಮಿಷಕ್ಕೊಂದಾದ್ರೂ ಗುದ್ದು ಹಾಕಲೇಬೇಕು.

ಹೊಸಬರು ಮೊದಲು ಕಬ್ಬಿಣ ಸೇರಿಸೋಕೆ ಹೊರಡ್ತಾರೆ. ಹಳಬರು ನೀರು, ಎಣ್ಣೆ, ಕರೆಂಟು, ಚಕ್ರ ನೋಡ್ತಾರೆ. ಯಾಕಂದ್ರೆ ಡರ್ಬಿಯಲ್ಲಿ ಚಾಸಿ ಎರಡು ತುಂಡಾಗಿ ಸೋಲೋ ಕಾರು ಅಪರೂಪ. ಎಲ್ಲೋ ಒಂದು ಪೈಪು ಕಿತ್ತು, ಒಂದು ವೈರು ಬಿಚ್ಚಿ, ಒಂದು ಟೈರು ಹರಿದು ಸೋಲೋದೇ ಜಾಸ್ತಿ.

[ದೃಶ್ಯ: ಎರಡು ಕಾರುಗಳ ಅಡಿಭಾಗದ ಚಿತ್ರ, ಪಕ್ಕಪಕ್ಕ]

ಮೊದಲು ಕಾರಿನ ಆಯ್ಕೆ. ನಮ್ಮ ಬೊಲೆರೊಗೆ ಕೆಳಗೆ ಬೇರೆ ಚಾಸಿ ಇದೆ, ಅದರ ಮೇಲೆ ಬಾಡಿ ಕೂತಿದೆ. ಸ್ವಿಫ್ಟ್‌ಗೆ ಬಾಡಿಯೇ ಚಾಸಿ. ಡರ್ಬಿಯವರಿಗೆ ಬೇಕಾಗಿರೋದು ಬೊಲೆರೊ ಜಾತಿ. (ಅಂಬಾಸಿಡರ್ ಆಗ್ತಿತ್ತಲ್ಲ ಅಂತ ಕಾಮೆಂಟ್ ಹಾಕೋ ಮುಂಚೆ ಹೇಳಿಬಿಡ್ತೀನಿ: ಅಂಬಾಸಿಡರ್‌ಗೂ ಪ್ರತ್ಯೇಕ ಚಾಸಿ ಇರಲಿಲ್ಲ.) ಅಮೆರಿಕದಲ್ಲಿ 1973ರ ಮಾಡೆಲ್‌ನಿಂದ ಮುಂದಿನ ಬಂಪರ್ ಗಂಟೆಗೆ 5 ಮೈಲಿ, ಸುಮಾರು 8 ಕಿಲೋಮೀಟರ್ ವೇಗದ ಗುದ್ದನ್ನ ತಡ್ಕೋಬೇಕು ಅಂತ ಸರ್ಕಾರ ನಿಯಮ ತಂತು, ಮರುವರ್ಷ ಹಿಂದಿನ ಬಂಪರ್‌ಗೂ ಅದೇ. ಬಂಪರ್‌ಗಳು ತೊಲೆಗಳಾದವು. 1977ರಲ್ಲಿ ಜನರಲ್ ಮೋಟಾರ್ಸ್ ತನ್ನ ದೊಡ್ಡ ಕಾರುಗಳನ್ನ ಚಿಕ್ಕದು ಮಾಡ್ತು. ಈ ನಡುವಿನ ವರ್ಷಗಳ, ಅದೇ ಕಂಪನಿಯ ಇಂಪಾಲಾದಂಥ ದೊಡ್ಡ ಕಾರು ಸಿಕ್ಕಿದ್ರೆ ಈಗಲೂ ಡರ್ಬಿಯವರು ಬಿಡಲ್ಲ, ಹಳೇ ಕಾರು ಪ್ರೇಮಿಗಳು ಹೊಟ್ಟೆ ಉರ್ಕೊಳ್ತಾರೆ. 1964ರಿಂದ 66ರ ಕ್ರೈಸ್ಲರ್ ಇಂಪೀರಿಯಲ್ ಅಂತೂ ಎಷ್ಟು ಗಟ್ಟಿ ಅಂದ್ರೆ ಎಷ್ಟೋ ಕಡೆ ಅದಕ್ಕೆ ನಿಷೇಧವೇ ಇದೆ. ಇವತ್ತು ಸುಲಭಕ್ಕೆ ಸಿಗೋದು ಫೋರ್ಡ್ ಕ್ರೌನ್ ವಿಕ್ಟೋರಿಯಾ: ಪೊಲೀಸರು, ಟ್ಯಾಕ್ಸಿಯವರು ಓಡಿಸಿ ಬಿಟ್ಟಿದ್ದು, ವಿ8 ಎಂಜಿನ್, ಬೇರೆ ಚಾಸಿ. 2011ರಲ್ಲಿ ತಯಾರಿ ನಿಂತಿತು.

ಕಾರು ಬಂತು. ಗಾಜು, ಸೀಟು, ಪ್ಲಾಸ್ಟಿಕ್, ಲೈಟು, ಕಾರ್ಪೆಟ್, ಏರ್‌ಬ್ಯಾಗ್ ಎಲ್ಲ ಹೊರಗೆ. ಇದು ಸುತ್ತಿಗೆ ಮತ್ತು ಪೊರಕೆ ಕೆಲಸ, ಹೇಳೋದೇನಿಲ್ಲ.

ಪೆಟ್ರೋಲ್ ಟ್ಯಾಂಕ್ ಹಿಂದುಗಡೆ ಕೆಳಗೆ ನೇತಾಡ್ತಿರುತ್ತೆ, ಗುದ್ದೋದೂ ಅಲ್ಲಿಂದಲೇ. ಹಾಗಾಗಿ ಅದನ್ನ ಬಿಚ್ಚಿ, ದೋಣಿಗೆ ಹಾಕೋ ಥರದ ಚಿಕ್ಕ ಟ್ಯಾಂಕನ್ನ ಹಿಂದಿನ ಸೀಟಿನ ಜಾಗದಲ್ಲಿ ಕಬ್ಬಿಣದ ಪಟ್ಟಿ ಹಾಕಿ ಬಿಗೀತಾರೆ. ಬ್ಯಾಟರಿ ಬಾನೆಟ್ ಕೆಳಗಿಂದ ಡ್ರೈವರ್ ಪಕ್ಕದ ಸೀಟಿನ ಜಾಗಕ್ಕೆ ಬರುತ್ತೆ. ಕಂಪನಿ ವೈರಿಂಗ್ ಕಿತ್ತು, ಸ್ಟಾರ್ಟ್ ಮಾಡೋಕೆ ಒಂದು ಬಟನ್, ಇಗ್ನಿಷನ್‌ಗೆ ಒಂದು ಸ್ವಿಚ್, ಇಷ್ಟೇ ಉಳಿಸ್ತಾರೆ. ಕ್ರೌನ್ ವಿಕ್ಟೋರಿಯಾ ತಂದವರು ಇಲ್ಲಿ ಒಂದು ಕಡೆ ಎಡವೋದುಂಟು. ಅಪಘಾತ ಆದ್ರೆ ಪೆಟ್ರೋಲ್ ಪಂಪ್ ತಾನೇ ನಿಲ್ಲಲಿ ಅಂತ ಫೋರ್ಡ್‌ನವರು ಡಿಕ್ಕಿಯೊಳಗೆ ಒಂದು ಸ್ವಿಚ್ ಇಟ್ಟಿದ್ದಾರೆ. ರಸ್ತೆಯಲ್ಲಿ ಅದು ಪ್ರಾಣ ಉಳಿಸುತ್ತೆ. ಡರ್ಬಿಯಲ್ಲಿ ಮೊದಲನೇ ಗುದ್ದಿಗೇ ಕಾರು ಆಫ್! ಅದನ್ನ ತಪ್ಪಿಸಿ ವೈರ್ ಎಳೀಬೇಕು, ಬದಲಿಗೆ ಡ್ರೈವರ್ ಕೈಗೆ ಸಿಗೋ ಹಾಗೆ ಒಂದು ಸ್ವಿಚ್ ಇಡಬೇಕು.

[ದೃಶ್ಯ: ರೇಡಿಯೇಟರ್ ಹತ್ತಿರದಿಂದ. ಕೆಳಗೆ ಎರಡು ಸಣ್ಣ ಪೈಪು.]

ಈ ಎರಡು ಪೈಪು ನೋಡಿ. ನನ್ನ ಪ್ರಕಾರ ಇಡೀ ಕಾರಿನಲ್ಲಿ ಅತಿ ಮುಖ್ಯವಾದ ಕೆಲಸ ಇಲ್ಲಿದೆ. ಇವು ನೀರಿನ ಪೈಪಲ್ಲ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಈ ದಾರಿಯಲ್ಲಿ ಬಂದು ರೇಡಿಯೇಟರ್ ಒಳಗೆ ತಣ್ಣಗಾಗಿ ವಾಪಸ್ ಹೋಗುತ್ತೆ. ರೇಡಿಯೇಟರ್ ಒಡೆದ್ರೆ ಎಂಜಿನ್ ಕೂಡಲೇ ಸಾಯಲ್ಲ. ಹಳೇ ಬೀಡು ಕಬ್ಬಿಣದ ವಿ8ಗಳು ನೀರಿಲ್ಲದೆ, ಹೊಗೆ ಉಗುಳ್ತಾ ಇನ್ನೂ ಕೆಲವು ನಿಮಿಷ ಎಳೀತವೆ. ಆದ್ರೆ ಗೇರ್ ಬಾಕ್ಸಿನ ಎಣ್ಣೆ ಸುರಿದು ಹೋಯ್ತು ಅಂದ್ರೆ ಎಂಜಿನ್ ಎಷ್ಟು ಕೂಗಿದ್ರೂ ಚಕ್ರ ತಿರುಗಲ್ಲ. ಅದಕ್ಕೇ ಗೇರ್ ಬಾಕ್ಸಿಗೆ ಬೇರೆ ಕೂಲರ್ ತಂದು ಕಾರಿನ ಒಳಗಡೆ ಕೂರಿಸ್ತಾರೆ. ಇನ್ನು ರೇಡಿಯೇಟರ್‌ಗೆ ಬರೀ ನೀರು. ಕೂಲೆಂಟ್ ಹಾಕೋಕೆ ಆಯೋಜಕರು ಬಿಡಲ್ಲ, ಅಂಗಳಕ್ಕೆ ಚೆಲ್ಲಿದ್ರೆ ವಿಷ, ಜಾರಿಕೆ ಬೇರೆ. ಮುಂದಿನಿಂದ ಏಟು ಬಿದ್ದಾಗ ಫ್ಯಾನೇ ರೇಡಿಯೇಟರ್ ಕೊರೆದು ಹಾಕುತ್ತೆ, ಹಾಗಾಗಿ ರೆಕ್ಕೆ ಕತ್ತರಿಸ್ತಾರೆ ಇಲ್ಲಾ ಫ್ಯಾನನ್ನೇ ತೆಗೀತಾರೆ. ಸೈಲೆನ್ಸರ್ ಕೆಳಗಿದ್ರೆ ಜಜ್ಜಿ ಹೋಗಿ ಎಂಜಿನ್ ಉಸಿರು ಕಟ್ಟುತ್ತೆ ಅಂತ, ಹೊಗೆ ಪೈಪನ್ನ ಬಾನೆಟ್ ತೂತು ಮಾಡಿ ನೇರ ಆಕಾಶಕ್ಕೆ ಬಿಡ್ತಾರೆ. ಆ ಸದ್ದಿಗೇ ಅರ್ಧ ಜನ ಬರೋದು.

ಮುಂದೆ, ಅಲ್ಲ, ಹಿಂದೆ: ಡಿಫರೆನ್ಶಿಯಲ್, ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಎಂಜಿನ್ ಶಕ್ತಿ ಹಂಚೋ ಗೇರುಗಳ ಗುಂಪು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಅದನ್ನ ಮಾಡಿರೋದು. ಕೆಸರಿನಲ್ಲಿ ಅದೇ ಶಾಪ. ಹಿಡಿತ ಇಲ್ಲದ ಚಕ್ರ ಸುಮ್ನೆ ಗಿರಗಿರ ತಿರುಗುತ್ತೆ, ಇನ್ನೊಂದು ನಿಂತೇ ಇರುತ್ತೆ. ಪರಿಹಾರ ಒರಟು: ಅದರ ಹೊರಕವಚ ಬಿಚ್ಚಿ, ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡೋ ಒಳಗಿನ ಸ್ಪೈಡರ್ ಗೇರುಗಳನ್ನ ವೆಲ್ಡ್ ಮಾಡಿಬಿಡೋದು. ಆಮೇಲೆ ಎರಡೂ ಚಕ್ರ ಒಟ್ಟಿಗೇ. ಟಾರ್ ರಸ್ತೆಯಲ್ಲಿ ಇಂಥ ಕಾರು ತಿರುಗಿಸೋಕೆ ಆಗಲ್ಲ, ಟೈರು ಕಿರುಚುತ್ತೆ. ಮಣ್ಣಿನಲ್ಲಿ ಪರವಾಗಿಲ್ಲ.

[ದೃಶ್ಯ: ಗ್ರೈಂಡರ್ ಕಿಡಿ. ಹಿಂದಿನ ಮಡ್‌ಗಾರ್ಡ್ ಕತ್ತರಿಸುತ್ತಿರುವುದು.]

ಬಾಡಿ ಕೆಲಸದಲ್ಲೂ ಒಂದು ತಮಾಷೆ ಇದೆ. ಇಲ್ಲಿ ಕೆಲವು ಜಾಗ ಬೇಕು ಅಂತಲೇ ಮೆತ್ತಗೆ ಮಾಡ್ತಾರೆ. ಪದೇ ಪದೇ ಗುದ್ದಿದಾಗ ಡಿಕ್ಕಿ ಮಡಚೋದಂತೂ ಖಂಡಿತ. ಕೆಳಕ್ಕೆ ಮಡಚಿದ್ರೆ ತಗಡು ಟೈರಿಗೆ ಕಚ್ಚಿಕೊಂಡು ಆಟ ಮುಗೀತು. ಸುತ್ತಿದ ಚಾಪೆ ಹಾಗೆ ಮೇಲಕ್ಕೆ ಸುರುಳಿಯಾದ್ರೆ ಚಕ್ರ ಬಿಡುವಾಗಿ ಉಳಿಯುತ್ತೆ. ಅದಕ್ಕೆ ಮೊದಲೇ ಸುತ್ತಿಗೆಯಲ್ಲಿ ಮಡಿಕೆ ಗೆರೆ ಬಡೀತಾರೆ, ನಿಯಮ ಒಪ್ಪಿದ್ರೆ ಚಾಸಿಯ ಮೇಲಂಚಿಗೆ ಸಣ್ಣ ಕಚ್ಚು ಕೊಯ್ತಾರೆ. ಚಕ್ರದ ಸುತ್ತಲಿನ ತಗಡು ಅಗಲವಾಗಿ ಕತ್ತರಿಸ್ತಾರೆ. ಟೈರಿನೊಳಗೆ ಇನ್ನೊಂದು ಟೈರು ತೂರಿಸೋರಿದ್ದಾರೆ, ಫೋರ್ಕ್‌ಲಿಫ್ಟ್ ಟೈರು ಹಾಕೋರೂ ಇದ್ದಾರೆ.

ಬಂಪರ್ ವೆಲ್ಡ್ ಮಾಡೋವಾಗ ಎಚ್ಚರ ಬೇಕು. 1970ರ ದಶಕದ ಆ ತೊಲೆಯಂಥ ಬಂಪರ್ ಹಿಂದೆ ಎಣ್ಣೆ, ಗ್ಯಾಸ್ ಒತ್ತಿ ತುಂಬಿದ ಶಾಕ್ ಅಬ್ಸಾರ್ಬರ್ ಇರುತ್ತೆ. ಬಿಸಿ ತಾಗಿದ್ರೆ ಸಿಡಿಯುತ್ತೆ. ಮೊದಲು ತೂತು ಕೊರೆದು ಒತ್ತಡ ಬಿಡಿಸ್ತಾರೆ, ಆಮೇಲೆ ವೆಲ್ಡಿಂಗ್.

ಇನ್ನು ಮನುಷ್ಯ. ಡ್ರೈವರ್ ಬಾಗಿಲನ್ನ ಮುಚ್ಚಿ ವೆಲ್ಡ್ ಮಾಡಿ, ಸೀಟಿನ ಹಿಂದೆ ದಪ್ಪ ಪೈಪು ಅಡ್ಡ ಹಾಕ್ತಾರೆ. ಸೀಟ್ ಬೆಲ್ಟ್, ಹೆಲ್ಮೆಟ್ ಕಡ್ಡಾಯ. ಆ ಬಾಗಿಲಿಗೆ ಎಲ್ಲರಿಗೂ ಕಾಣೋ ಹಾಗೆ ಬಿಳಿ ಅಥವಾ ಗಾಢ ಬಣ್ಣ ಬಳಿಯೋದುಂಟು. ಬೇಕು ಅಂತ ಅಲ್ಲಿಗೆ ಗುದ್ದಿದವರು ಹೊರಗೆ. ಬಾನೆಟ್‌ನಲ್ಲಿ ಒಂದು ದೊಡ್ಡ ತೂತು ಇರಲೇಬೇಕು, ಬೆಂಕಿ ಬಿದ್ರೆ ನಂದಿಸೋರಿಗೆ ದಾರಿ.

ಆಟದ ದಿನ ತಪಾಸಣೆ. ಎಷ್ಟು ಇಂಚು ವೆಲ್ಡಿಂಗ್, ಎಷ್ಟು ಬೋಲ್ಟ್ ಅಂತ ಪ್ರತಿ ವರ್ಗಕ್ಕೂ ಮಿತಿ ಇರುತ್ತೆ. ಕೆಲವು ವರ್ಗದಲ್ಲಿ ವೆಲ್ಡಿಂಗ್ ಹೆಚ್ಚೂಕಡಿಮೆ ಇಲ್ಲವೇ ಇಲ್ಲ, ಸರಪಳಿ ಮತ್ತು ತಂತಿ ಬಿಗಿದುಕೊಂಡೇ ಬರಬೇಕು. ಚಾಸಿ ಒಳಗೆ ಕಾಂಕ್ರೀಟು, ಕಬ್ಬಿಣ ತುಂಬಿದ್ದಾರಾ ಅಂತ ಅನುಮಾನ ಬಂದ್ರೆ ಅಧಿಕಾರಿಗಳು ಅಲ್ಲೇ ಡ್ರಿಲ್ ಹಿಡಿದು ತೂತು ಕೊರೆದು ನೋಡ್ತಾರೆ.

ಆಟ ಮುಗಿದ್ಮೇಲೆ ಎಂಜಿನ್, ಗೇರ್ ಬಾಕ್ಸ್, ವೆಲ್ಡ್ ಮಾಡಿದ ಆಕ್ಸಲ್, ಆ ಚಿಕ್ಕ ಟ್ಯಾಂಕು ಎಲ್ಲ ಇಳಿಸಿ ಶೆಡ್‌ಗೆ ಒಯ್ತಾರೆ, ಮುಂದಿನ ಕಾರಿಗೆ ಬೇಕು. ಉಳಿದ ತಗಡು ಗುಜರಿಗೆ, ತೂಕದ ಲೆಕ್ಕದಲ್ಲಿ. ಬಂದ ದುಡ್ಡಲ್ಲಿ ಮತ್ತೆರಡು ಟೈರು ಬಂದ್ರೆ ಲಾಭ.